ಹೆಬ್ಬೆರಳಿನ ಹರಳು

ವಾಚಕ ಮಹಾಶಯರು ಕೇಳುವ ಪ್ರಶ್ನೆಗಳಲ್ಲಿ ಕೆಲವು ಮಳೆ ಬಿಸಿಲುಗಳನ್ನು ಅನುಸರಿಸಿ ಬಂದು ಹೋಗತಕ್ಕವು; ಒಂದು ಪ್ರಶ್ನೆ ಮಾತ್ರ ಋತುಭೇದವಿಲ್ಲದೆ ಗುಂಡ್ಲುಪೇಟೆಯ ಸಂತೆಯಲ್ಲಿ, ಚಾಮರಾಜನಗರದ ಬಸ್ಸು ನಿಲ್ದಾಣದಲ್ಲಿ, ಕಡೆಗೆ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗಲೂ ನನ್ನನ್ನು ಹಿಂಬಾಲಿಸಿ ಬರುತ್ತದೆ. ಹಗಲೆಲ್ಲ ನೆಟ್ಟಗೆ ಓಡಾಡಿಕೊಂಡಿದ್ದ ಮನುಷ್ಯನನ್ನು ರಾತ್ರಿಯ ಮೂರನೆಯ ಜಾವದಲ್ಲಿ ನಿದ್ರೆಯಿಂದೆಬ್ಬಿಸಿ, ಪಾದದ ಹೆಬ್ಬೆರಳಿನ ಬುಡವನ್ನು ಕೆಂಪಗೆ ಕಾಯಿಸಿ, ಹೊದ್ದ ದುಪ್ಪಟಿಯ ಅಂಚು ಸೋಕಿದರೂ ಹೌಹಾರುವಂತೆ ಮಾಡುವ ಆ ನೋವು ಯಾವುದು, ಅದಕ್ಕಾಗಿ ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬುದೇ ಆ ಪ್ರಶ್ನೆ. ನಮ್ಮ ಸೀಮೆಯ ಹಳಬರು ಅದನ್ನು ಕಾಲಿಗೆ ನಂಜಾಗಿದೆ ಎನ್ನುವರು, ವಾಯು ಹಿಡಿದಿದೆ ಎನ್ನುವರು. ರಕ್ತಪರೀಕ್ಷೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಹೊಸಬರು ಯೂರಿಕ್ ಆಸಿಡ್ ಜಾಸ್ತಿಯಾಗಿದೆ ಎನ್ನುವರು. ವೈದ್ಯರು ಗೌಟ್ ಎಂದು ಬರೆಯುವರು. ಹೆಸರು ಯಾವುದಾದರೂ ಆಗಲಿ, ಕೇಳುವವರೆಲ್ಲರ ಗಮನವೂ ಒಲೆಯ ಮೇಲಿನ ಪಾತ್ರೆಯ ಕಡೆಗೇ ಇರುವುದನ್ನು ನಾನು ಕಂಡಿದ್ದೇನೆ. ಹುರುಳಿ ಬಿಡಬೇಕೆ, ಅವರೆ ಬಿಡಬೇಕೆ, ಬೇಳೆಯನ್ನಾದರೂ ಮುಟ್ಟಬಹುದೆ? ಈ ಜಿಜ್ಞಾಸೆ ನಿರರ್ಥಕವೆಂದು ನಾನು ಹೇಳಲಾರೆ. ಆದರೆ ವ್ಯಾಧಿಯ ಮೂಲವು ಪಾತ್ರೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಮೂತ್ರಪಿಂಡದಲ್ಲಿದೆ, ಮತ್ತು ಅದರ ನಿಜವಾದ ಚಿಕಿತ್ಸೆಯು ನೋವಿರುವ ದಿನಗಳಲ್ಲಿ ಅಲ್ಲ, ನೋವಿಲ್ಲದ ದಿನಗಳಲ್ಲಿ ನಡೆಯತಕ್ಕದ್ದು ಎಂಬ ಎರಡು ಸಂಗತಿಗಳು ಮನಸ್ಸಿಗೆ ಇಳಿಯದ ಹೊರತು ಪಥ್ಯದ ಚರ್ಚೆಯಿಂದ ಯಾರ ಕಾಲೂ ನೆಟ್ಟಗಾಗುವುದಿಲ್ಲ.

ನಾನು ವೈದ್ಯನಲ್ಲ, ರೋಗಿಯ ಕಡೆಯಿಂದ ಈ ವಿಷಯವನ್ನು ಬಲ್ಲವನು. ನನ್ನ ಎಡಗಾಲಿಗೆ ಇದು ಮೊದಲು ಬಂದದ್ದು ಶ್ರಾವಣದ ಒಂದು ಶನಿವಾರ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದ ರಾತ್ರಿ. ಆ ಬೆಟ್ಟವನ್ನು ಕಂಡವರಿಗೆ ವರ್ಣನೆ ಬೇಕಿಲ್ಲ. ಕಾಣದವರಿಗಾಗಿ ಹೇಳುವುದಾದರೆ, ಬಂಡೀಪುರದ ಅರಣ್ಯದೊಳಗೆ, ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿ, ಹಂಗಳದ ಬಯಲಿನ ಚೆಂಡು ಹೂವಿನ ಹೊಲಗಳನ್ನು ಕೆಳಗೆ ಬಿಟ್ಟು ಹುಲ್ಲುಗಾವಲಿನ ನೆತ್ತಿಯ ಮೇಲೆ ನಿಂತಿರುವ ವೇಣುಗೋಪಾಲನ ಸನ್ನಿಧಿ ಅದು. ವರ್ಷದ ಬಹುಭಾಗ ಮಂಜು ಅದನ್ನು ಬಿಡುವುದಿಲ್ಲ. ಖಾಸಗಿ ವಾಹನಗಳನ್ನು ಬುಡದಲ್ಲಿಯೇ ತಡೆದು ಸರ್ಕಾರಿ ಬಸ್ಸಿನಲ್ಲಿ ಜನರನ್ನು ಮೇಲಕ್ಕೆ ಒಯ್ಯುತ್ತಾರೆ; ಆನೆಗಳು ಓಡಾಡುವ ಆ ದಾರಿಯಲ್ಲಿ ಇದು ತಕ್ಕ ಏರ್ಪಾಡೇ. ಶ್ರಾವಣದ ಶನಿವಾರಗಳಲ್ಲಿ ಬಸ್ಸಿಗಾಗಿ ಕಾಯುವುದು, ಮೇಲೆ ಮೆಟ್ಟಿಲೇರಿ ಸರತಿಯಲ್ಲಿ ನಿಲ್ಲುವುದು, ಒದ್ದೆ ಕಲ್ಲಿನ ಮೇಲೆ ಬರಿಗಾಲು, ಬೆಳಗಿನಿಂದ ಉಪವಾಸ, ಮಂಜಿನಲ್ಲಿ ಬಾಯಾರಿಕೆಯೇ ತೋರದೆ ನೀರು ಕುಡಿಯುವುದು ಮರೆತುಹೋಗುವುದು, ಕೆಳಗಿಳಿದು ಬಂದ ಮೇಲೆ ಬಂಧುಗಳ ಮನೆಯಲ್ಲಿ ಪುಷ್ಕಳವಾದ ಭೋಜನ, ಇವೆಲ್ಲ ಒಂದೇ ದಿನದಲ್ಲಿ ಕೂಡಿಬರುತ್ತವೆ. ಅಂದು ರಾತ್ರಿ ನನ್ನ ಹೆಬ್ಬೆರಳು ಬಾತು ಕೆಂಡವಾದಾಗ ನೆರೆಹೊರೆಯವರು ಕೊಟ್ಟ ಕಾರಣಗಳು ಒಂದೆರಡಲ್ಲ. ಮೆಟ್ಟಿಲಲ್ಲಿ ಎಡವಿರಬೇಕೆಂದರು, ಹುಳು ಮುಟ್ಟಿದೆಯೆಂದರು, ಹರಕೆ ಬಾಕಿಯಿದೆಯೇ ಎಂದು ಒಬ್ಬರು ಮೆಲ್ಲಗೆ ವಿಚಾರಿಸಿದರು. ಎದುರು ಮನೆಯ ವೃದ್ಧೆಯೊಬ್ಬರು ಮಾತ್ರ, ಗುಡಿಯ ಕಲ್ಲಿನ ತಂಪು ಕಾಲಿಗೆ ಹತ್ತಿತು ಎಂದು ನಿರ್ಧರಿಸಿ ಸುಣ್ಣ ಅರಿಸಿನ ಕಲಸಿ ತಂದರು. ಒಂದು ದಿನದ ತಂಪು ಕಲ್ಲೇ ಸಾಕ್ಷಾತ್ ಕಾರಣವೆಂದು ಯಾವ ಶಾಸ್ತ್ರವೂ ಹೇಳಲಾರದಾದರೂ, ಆ ಎಲ್ಲ ಊಹೆಗಳ ಪೈಕಿ ಸತ್ಯದ ಹತ್ತಿರಕ್ಕೆ ಬಂದದ್ದು ಆಕೆಯದೇ ಎಂಬುದು ಮುಂದೆ ನನಗೆ ತಿಳಿಯಿತು.

ಹೇಗೆಂದರೆ, ನಮ್ಮ ದೇಹದ ಜೀವಕೋಶಗಳು ನಿತ್ಯವೂ ಸತ್ತು ಹುಟ್ಟುತ್ತಿರುವುದರಿಂದ, ಅವುಗಳ ಗರ್ಭದಲ್ಲಿರುವ ಪ್ಯೂರಿನ್ ಎಂಬ ದ್ರವ್ಯ ಒಡೆದು ಕಡೆಗೆ ಯೂರಿಕ್ ಆಮ್ಲವಾಗಿ ರಕ್ತಕ್ಕೆ ಸೇರುತ್ತದೆ. ಉಳಿದ ಬಹುತೇಕ ಸಸ್ತನಿಗಳು ಯೂರಿಕೇಸ್ ಎಂಬ ಕಿಣ್ವದ ಸಹಾಯದಿಂದ ಆ ಆಮ್ಲವನ್ನು ಇನ್ನೂ ಒಂದು ಹಂತ ಒಡೆದು, ನೀರಿನಲ್ಲಿ ಸುಲಭವಾಗಿ ಕರಗುವ ಪದಾರ್ಥವನ್ನಾಗಿ ಮಾಡಿ ಹೊರಹಾಕುತ್ತವೆ. ಮನುಷ್ಯನೂ ಅವನ ನಿಕಟ ಬಂಧುಗಳಾದ ವಾನರರೂ ಆ ಕಿಣ್ವವನ್ನು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಕಳೆದುಕೊಂಡರು. ಗೋಪಾಲಸ್ವಾಮಿ ಬೆಟ್ಟದ ಆನೆಗೆ ಇಲ್ಲದ ಈ ಕಾಟ ಅದನ್ನು ನೋಡಲು ಹೋದ ಯಾತ್ರಿಕನಿಗೆ ಇರುವುದಕ್ಕೆ ಇದೇ ಕಾರಣ. ಹೀಗೆ ಉಳಿದ ಆಮ್ಲದಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನು ಮೂತ್ರಪಿಂಡಗಳೂ ಉಳಿದುದನ್ನು ಕರುಳೂ ಹೊರಗೆ ಸಾಗಿಸಬೇಕು. ಗೌಟ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ದೋಷವಿರುವುದು ಈ ಸಾಗಣೆಯಲ್ಲಿಯೇ. ಅವರು ವಿಶೇಷವಾಗಿ ಉತ್ಪಾದಿಸುವವರಲ್ಲ, ಸಾಕಷ್ಟು ವಿಸರ್ಜಿಸಲಾರದವರು, ಮತ್ತು ಆ ಅಶಕ್ತಿ ಬಹುಮಟ್ಟಿಗೆ ತಂದೆ ತಾತಂದಿರಿಂದ ಬಂದ ಆಸ್ತಿ.

ರಕ್ತದಲ್ಲಿ ಈ ಆಮ್ಲದ ಲವಣ ಎಷ್ಟು ಕರಗಿರಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆ. 37 ಡಿಗ್ರಿ ಸೆಲ್ಸಿಯಸ್ಸಿನ ಶರೀರೋಷ್ಣದಲ್ಲಿ ಆ ಮಿತಿ ಪ್ರತಿ ಡೆಸಿಲೀಟರಿಗೆ 6.8 ಮಿಲಿಗ್ರಾಂ. ಉಷ್ಣ ಇಳಿದಂತೆ ಮಿತಿಯೂ ಇಳಿಯುತ್ತದೆ: 35 ಡಿಗ್ರಿಯಲ್ಲಿ ಸುಮಾರು 6, 30 ಡಿಗ್ರಿಯಲ್ಲಿ ಸುಮಾರು 4.5. ಕಾಡಿನ ಜೇನು ಬೇಸಗೆಯಲ್ಲಿ ಶೀಸೆಯೊಳಗೆ ತಿಳಿಯಾಗಿದ್ದು ಮಾಗಿಯ ಚಳಿಯಲ್ಲಿ ತಳದಿಂದ ಹರಳುಗಟ್ಟುವುದನ್ನು ನಮ್ಮ ಕಡೆಯ ಮನೆಗಳಲ್ಲಿ ಎಲ್ಲರೂ ಕಂಡಿರುತ್ತಾರಷ್ಟೆ. ದೇಹದ ತುದಿಗಳಲ್ಲಿ ನಡೆಯುವುದೂ ಅದೇ ವ್ಯಾಪಾರ. ಹೃದಯದಿಂದ ಅತಿದೂರದಲ್ಲಿದ್ದು, ನೆಲಕ್ಕೆ ತಾಗಿಕೊಂಡು, ಶರೀರದ ಒಟ್ಟು ಭಾರವನ್ನು ಹೆಜ್ಜೆ ಹೆಜ್ಜೆಗೂ ಹೊರುತ್ತ ಸವೆದಿರುವ ಹೆಬ್ಬೆರಳಿನ ಸಂಧಿಯು ಹರಳು ಕಟ್ಟಲು ಪ್ರಶಸ್ತವಾದ ಸ್ಥಾನ. ದೀರ್ಘಕಾಲದ ರೋಗಿಗಳಲ್ಲಿ ಈ ಹರಳುಗಳ ಗಂಟು ಕಿವಿಯ ತಣ್ಣನೆಯ ಅಂಚಿನಲ್ಲಿಯೂ, ಮೊಣಕೈಯ ಹಿಂದೆಯೂ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ರಾತ್ರಿಯಲ್ಲಿಯೇ ಏಕೆ ಬರುತ್ತದೆ ಎನ್ನುವವರಿಗೆ ಉತ್ತರವೂ ಬಹುಶಃ ಇಲ್ಲಿಯೇ ಇದೆ. ನಿದ್ರೆಯಲ್ಲಿ ದೇಹದ ಉಷ್ಣ ಇಳಿಯುತ್ತದೆ, ಹಗಲಿನ ಬೆವರಿನಿಂದ ನೀರಿನಂಶ ಕುಗ್ಗಿರುತ್ತದೆ, ಉರಿಯೂತವನ್ನು ತಡೆಹಿಡಿಯುವ ಶರೀರದ ಸ್ವಂತ ಸ್ಟೀರಾಯ್ಡು ಆ ಹೊತ್ತಿನಲ್ಲಿ ಕನಿಷ್ಠಮಟ್ಟಕ್ಕೆ ಬಂದಿರುತ್ತದೆ. ಸೂಜಿಯಂಥ ಆ ಹರಳುಗಳನ್ನು ಪರಕೀಯವೆಂದು ಬಗೆದು ಬಿಳಿಯ ರಕ್ತಕಣಗಳು ನುಂಗಲು ಹೋಗುತ್ತವೆ. ನುಂಗಲಾರದೆ ಕೆರಳಿ, ಇನ್ನಷ್ಟು ಕಣಗಳನ್ನು ಕೂಗಿ ಕರೆಯುತ್ತವೆ. ನಾವು ಅನುಭವಿಸುವ ನೋವು ಹರಳು ಚುಚ್ಚಿದ್ದಲ್ಲ, ಈ ಸೈನ್ಯ ಅಲ್ಲಿ ನಡೆಸಿದ ಹೋರಾಟದ್ದು.

ಈ ಹರಳುಗಳನ್ನು ಮನುಷ್ಯನ ಕಣ್ಣು ಮೊದಲು ಕಂಡದ್ದು 1679ರಲ್ಲಿ, ಹಾಲೆಂಡಿನ ಲೇವನ್‌ಹುಕ್ ಎಂಬ ಸೂಕ್ಷ್ಮದರ್ಶಕಪ್ರಿಯನ ಮಸೂರದಡಿಯಲ್ಲಿ. ಅವು ಏನೆಂದು ಅವನಿಗೆ ತಿಳಿದಿರಲಿಲ್ಲ. ಯೂರಿಕ್ ಆಮ್ಲವನ್ನು ಷೀಲೆ ಎಂಬ ರಸಾಯನಜ್ಞ ಗುರುತಿಸಿದ್ದು 1776ರಲ್ಲಿ, ಗೌಟಿನ ರೋಗಿಯ ರಕ್ತದಲ್ಲಿ ಅದು ಅಧಿಕವಾಗಿರುವುದನ್ನು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ತೋರಿಸಿಕೊಟ್ಟದ್ದು 1848ರಲ್ಲಿ. ಕೀಲಿನ ದ್ರವದಲ್ಲಿ ಹರಳನ್ನು ಹಿಡಿದು ತೋರಿಸುವುದಕ್ಕೆ 1961ರ ತನಕ ಕಾಯಬೇಕಾಯಿತು. ಅದನ್ನು ಸಾಧಿಸಿದವರಲ್ಲಿ ಒಬ್ಬರಾದ ಅಮೆರಿಕದ ಮೆಕಾರ್ಟಿ, ಮರುವರ್ಷ ತಮ್ಮ ಸಹೋದ್ಯೋಗಿ ಫೇರ್ಸ್ ಎಂಬವರೊಡನೆ, ಹರಳೇ ನೋವಿನ ಕಾರಣವೆಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸುವುದಕ್ಕಾಗಿ ಆ ಹರಳುಗಳನ್ನು ತಮ್ಮ ಮಂಡಿಗಳೊಳಕ್ಕೇ ಚುಚ್ಚಿಕೊಂಡು ನರಳಿದರೆಂಬುದನ್ನು ಓದಿದಾಗ ನನಗೆ ಗೌರವವೂ ಭಯವೂ ಸಮಪ್ರಮಾಣದಲ್ಲಿ ಉಂಟಾದವು. ಬಂದ ನೋವನ್ನು ಕಳೆದುಕೊಳ್ಳಲು ಹೆಣಗುವ ನಮ್ಮಂಥವರ ನಡುವೆ ಅದನ್ನು ಬರಮಾಡಿಕೊಂಡವರೂ ಇದ್ದರು!

ನಮ್ಮ ದೇಶದಲ್ಲಿ ಈ ರೋಗದ ಪರಿಚಯ ಇವರೆಲ್ಲರಿಗಿಂತ ಬಹು ಹಿಂದಿನದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯ ವಾತಶೋಣಿತಕ್ಕೇ ಮೀಸಲು. ನಮ್ಮ ವೈದ್ಯರು ಸಾಮಾನ್ಯವಾಗಿ ವಾತರಕ್ತವೆನ್ನುವುದು ಅದನ್ನೇ. ಅದರ ಲಕ್ಷಣಗಳೆಲ್ಲವೂ ಇಂದಿನ ಗೌಟಿಗೆ ಒಪ್ಪುವುದಿಲ್ಲ; ಇನ್ನೂ ಬೇರೆ ಬೇರೆ ಸಂಧಿರೋಗಗಳು ಆ ಒಂದು ಛತ್ರದ ಕೆಳಗೆ ಸೇರಿಕೊಂಡಿರುವಂತೆ ತೋರುತ್ತದೆ. ಆದರೂ ಕೈಕಾಲುಗಳ ಸಣ್ಣ ಸಂಧಿಗಳಲ್ಲಿ ಆರಂಭವಾಗಿ ಉಳಿದೆಡೆಗೆ ಹರಡುವುದು, ಬಂದು ಹೋಗಿ ಮತ್ತೆ ಮರುಕಳಿಸುವುದು, ಸುಖಜೀವಿಗಳಾಗಿ ಅಲುಗಾಡದೆ ಕುಳಿತಿರುವ ಸ್ಥೂಲಕಾಯರನ್ನು ಹಿಡಿಯುವುದು, ಸುರೆ ಆಸವಗಳೂ ಜಲಪ್ರದೇಶದ ಪ್ರಾಣಿಗಳ ಮಾಂಸವೂ ಅದಕ್ಕೆ ಕಾರಣವಾಗುವುದು, ಇವೆಲ್ಲವನ್ನೂ ರಕ್ತಪರೀಕ್ಷೆಯಿಲ್ಲದ ಕಾಲದಲ್ಲಿ ಬರಿಯ ಕಣ್ಣಿನಿಂದ ಕಂಡು ಬರೆದಿಟ್ಟವರ ನಿರೀಕ್ಷಣಶಕ್ತಿ ಅಸಾಧಾರಣವಾದುದು. ಅದೇ ಕಾರಣಗಳ ಪಟ್ಟಿಯಲ್ಲಿ ಹುರುಳಿ, ಉದ್ದು, ಅವರೆ, ಮೊಸರು, ಮಜ್ಜಿಗೆಗಳೂ ಸೇರಿವೆ. ಸೊಂಟ ಹಿಡಿದವನಿಗೂ ನೆಗಡಿ ಬಂದವನಿಗೂ ಹುರುಳಿ ಕಟ್ಟಿನ ಸಾರನ್ನೇ ಬಡಿಸುವ, ಪುಷ್ಯಮಾಸ ಬಂತೆಂದರೆ ಹಿತಕಿದ ಅವರೆಯ ಹೊರತು ಬೇರೆ ಅಡಿಗೆಯನ್ನೇ ಕಾಣದ ನಮ್ಮ ಮೈಸೂರು ಸೀಮೆಯವರಿಗೆ ಈ ಪಟ್ಟಿ ಮರಣಶಾಸನದಂತೆ ಕಾಣುವುದು ಸಹಜ.

ಇಲ್ಲಿ ನಾನು ಹಿಂದಿನವರ ಮೇಲಿನ ಗೌರವವನ್ನು ಉಳಿಸಿಕೊಂಡೇ ಇಂದಿನವರ ಲೆಕ್ಕವನ್ನು ಒಪ್ಪುತ್ತೇನೆ. ಅಮೆರಿಕದಲ್ಲಿ 47,150 ಮಂದಿ ಪುರುಷರ ಆಹಾರವನ್ನು ಹನ್ನೆರಡು ವರ್ಷಗಳ ಕಾಲ ಅನುಸರಿಸಿ, ಅವರಲ್ಲಿ ಹೊಸದಾಗಿ ಗೌಟ್ ಬಂದ 730 ಮಂದಿಯನ್ನು ಉಳಿದವರೊಡನೆ ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮಾಂಸವನ್ನೂ ಮೀನನ್ನೂ ಹೆಚ್ಚು ತಿನ್ನುವವರಿಗೆ ಅಪಾಯ ಅಧಿಕವೆಂದೂ, ಪ್ಯೂರಿನ್ ಸಮೃದ್ಧವಾದ ಕಾಳು ಸೊಪ್ಪುಗಳಿಂದ ಅಂಥ ಅಪಾಯ ಕಾಣಲಿಲ್ಲವೆಂದೂ, ಹಾಲು ಮತ್ತು ಅದರ ಉತ್ಪನ್ನಗಳು, ಅದರಲ್ಲಿಯೂ ಕೊಬ್ಬು ಕಡಮೆಯಿರುವಂಥವು, ರಕ್ಷಣೆಯನ್ನೇ ಕೊಡುವಂತೆ ತೋರುತ್ತವೆಂದೂ ಕಂಡುಕೊಂಡಿತು. ಆದುದರಿಂದ ಮುದ್ದೆಗೆ ಹುರುಳಿ ಸಾರು ಹಾಕಿಕೊಂಡು ಉಣ್ಣುವ ರೈತನು ಅಪರಾಧಿಯಂತೆ ತಲೆ ತಗ್ಗಿಸಬೇಕಾಗಿಲ್ಲ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯನ್ನು ಹೆದರಿ ದೂರವಿಡಬೇಕಾಗಿಯೂ ಇಲ್ಲ. ಒಂದು ನಿರ್ದಿಷ್ಟ ಕಾಳು ತಿಂದ ಮರುದಿನವೇ ತನಗೆ ನೋವು ಮರುಕಳಿಸುತ್ತದೆಂದು ಅನುಭವದಿಂದ ಬಲ್ಲವನು ಅದನ್ನು ಬಿಡಲಿ. ಆದರೆ ಊರಿಗೆಲ್ಲ ಅದೇ ವಿಧಿಯಾಗಬಾರದು. ನಿಜವಾಗಿ ಕೈ ಬಿಗಿಹಿಡಿಯಬೇಕಾದುದು ಬೇರೆ ಕಡೆಯಲ್ಲಿ. ಬಿಯರಿನಲ್ಲಿ ಮದ್ಯಸಾರದ ಜತೆಗೆ ಪ್ಯೂರಿನ್ನೂ ಇರುವುದರಿಂದ ಅದು ದ್ವಿಗುಣ ದೋಷಕಾರಿ. ಬೇರೆ ಮದ್ಯಗಳೂ ನಿರಪಾಯವಲ್ಲ. ಕುರಿಮೇಕೆಗಳ ಈಲಿ, ಮಿದುಳು, ಮೂತ್ರಪಿಂಡಗಳು, ಸಣ್ಣ ಒಣಮೀನುಗಳು ಇವು ಬಾಡೂಟದಲ್ಲಿ ಎಷ್ಟೇ ಮರ್ಯಾದೆ ಪಡೆದಿರಲಿ, ಈ ರೋಗಿಯ ಎಲೆಗೆ ಬರತಕ್ಕವಲ್ಲ. ಕಾಲು ನೋವೆಂದವನಿಗೆ ಕಾಲು ಸೂಪನ್ನು ಮಾಡಿ ಕುಡಿಸುವ ವಾತ್ಸಲ್ಯ ನಮ್ಮ ತಾಲ್ಲೂಕಿನಲ್ಲಿ ಮನೆಮನೆಯಲ್ಲಿಯೂ ಇದೆ. ನೋವು ಗೌಟಿನದಾಗಿದ್ದರೆ ಆ ವಾತ್ಸಲ್ಯವನ್ನು ವಿನಯದಿಂದ ನಿರಾಕರಿಸುವುದು ಮೇಲು. ಸೀಸೆಗಳಲ್ಲಿ ಬರುವ ಸಿಹಿಪಾನೀಯಗಳ ವಿಷಯದಲ್ಲಿ ಜನಕ್ಕೆ ಇನ್ನೂ ಎಚ್ಚರ ಬಂದಿಲ್ಲ. ಅವುಗಳಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಯಕೃತ್ತಿನಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ.

ಇಷ್ಟನ್ನೆಲ್ಲ ಶ್ರದ್ಧೆಯಿಂದ ಪಾಲಿಸಿದರೂ ಲಾಭವೆಷ್ಟು ಎಂಬುದನ್ನು ಮುಚ್ಚಿಡಬಾರದು. ರಕ್ತದಲ್ಲಿರುವ ಯೂರಿಕ್ ಆಮ್ಲದಲ್ಲಿ ಸುಮಾರು ಮೂರನೆಯ ಎರಡು ಭಾಗ ದೇಹದ ಸ್ವಂತ ಉತ್ಪತ್ತಿ. ಅನ್ನದ ಪಾಲು ಉಳಿದ ಮೂರನೆಯ ಒಂದು. ಪಥ್ಯದಿಂದ ಇಳಿಯುವುದು ಸಾಮಾನ್ಯವಾಗಿ 1 ಮಿಲಿಗ್ರಾಮಿನ ಆಸುಪಾಸು. 9 ಇದ್ದವನು ಪಥ್ಯವಿದ್ದು ಕೃಶನಾಗಿ 8ಕ್ಕೆ ಬಂದರೂ ಹರಳು ಕಟ್ಟುವ ಮಿತಿಯ ಮೇಲೆಯೇ ಇರುತ್ತಾನೆ. ಸಾಲದ್ದಕ್ಕೆ ಕಠಿಣವಾದ ಉಪವಾಸವೇ ಆಮ್ಲವನ್ನು ಏರಿಸಿ ನೋವನ್ನು ಕರೆತರುವುದುಂಟು. ಸ್ಥೂಲಕಾಯರು ಮೆಲ್ಲಮೆಲ್ಲನೆ ತೂಕ ಇಳಿಸುವುದರಿಂದ ಉಪಕಾರವಿದೆ, ಬಿಸಿಲಿನಲ್ಲಿ ದುಡಿಯುವವರು ಧಾರಾಳವಾಗಿ ನೀರು ಕುಡಿಯುವುದರಿಂದಲೂ ಉಪಕಾರವಿದೆ. ಆದರೆ ಹಲವು ವರ್ಷ ಹುರುಳಿ ಬಿಟ್ಟೆ, ಅವರೆ ಬಿಟ್ಟೆ, ಆದರೂ ಬಂತು ಎಂದು ಕಣ್ಣೀರಿಡುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ನಾಲಗೆಯಲ್ಲಿ ದೋಷವಿಲ್ಲ. ಇದನ್ನು ಭೋಗಿಗಳ ವ್ಯಾಧಿಯೆಂದು, ರಾಜರ ವ್ಯಾಧಿಯೆಂದು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಆಡಿಕೊಂಡದ್ದರಿಂದ ಆಗಿರುವ ಅನ್ಯಾಯ ಅಲ್ಪವಲ್ಲ. ಹೊಲದಲ್ಲಿ ಗೇಯುವ ಕೂಲಿಯವನಿಗೆ ಹೆಬ್ಬೆರಳು ಬಾತಾಗ ಇದು ಗೌಟಾಗಿರಬಹುದೆಂಬ ಅನುಮಾನವೇ ಯಾರಿಗೂ ಬರುವುದಿಲ್ಲ. ಸ್ತ್ರೀಯರ ವಿಷಯದಲ್ಲಿಯೂ ಹಾಗೆಯೇ. ಮುಟ್ಟು ನಿಲ್ಲುವ ತನಕ ಅವರ ಶರೀರದ ಈಸ್ಟ್ರೋಜನ್ ಎಂಬ ರಸವು ಆಮ್ಲವನ್ನು ಹೊರಹಾಕಲು ಸಹಾಯಕವಾಗಿರುತ್ತದೆ. ಅನಂತರ ಆ ರಕ್ಷಣೆ ಇಲ್ಲ. ಅರುವತ್ತು ದಾಟಿದ ಅಜ್ಜಿಯ ಕಾಲಿನ ನೋವನ್ನು ವಯಸ್ಸಿನ ವಾಯುವೆಂದು ತಳ್ಳಿಹಾಕುವ ಮುನ್ನ, ಆಕೆಗೆ ರಕ್ತದೊತ್ತಡಕ್ಕಾಗಿ ಕೊಡುತ್ತಿರುವ ಮೂತ್ರ ಹೆಚ್ಚಿಸುವ ಗುಳಿಗೆ ಯಾವುದೆಂದು ನೋಡಿಸುವುದು ಒಳ್ಳೆಯದು. ಅಂಥ ಹಲವು ಗುಳಿಗೆಗಳು ಯೂರಿಕ್ ಆಮ್ಲವನ್ನು ಏರಿಸುತ್ತವೆ, ಲೊಸಾರ್ಟಾನಿನಂಥ ಬೇರೆ ಗುಳಿಗೆ ಸ್ವಲ್ಪ ಇಳಿಸುತ್ತದೆ. ಬದಲಾವಣೆ ವೈದ್ಯರ ಕೈಯಿಂದಲೇ ಆಗಬೇಕು.

ನೋವು ಬಂದ ಹೊತ್ತಿನಲ್ಲಿ ಮಾಡತಕ್ಕದ್ದೇನು ಎಂಬುದಕ್ಕೆ ಬರುವ ಮೊದಲು ನಮ್ಮ ಬೇಲಿಗಳ ಮೇಲೆ ಮಳೆಗಾಲದಲ್ಲಿ ಅರಳುವ ಒಂದು ಹೂವನ್ನು ನೆನೆಯಬೇಕಾಗಿದೆ. ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಅಷ್ಟತೀರ್ಥಗಳಲ್ಲಿ ವನಮೂಲಿಕಾ ತೀರ್ಥವೆಂಬುದೊಂದಿದೆ. ಔಷಧಿಗಳ ಸಾನ್ನಿಧ್ಯದಿಂದ ಆ ನೀರಿಗೆ ರೋಗಹರಣ ಶಕ್ತಿ ಬಂದಿದೆಯೆಂದು ನಂಬುಗೆ. ಆ ನೀರಿನ ವಿಚಾರವನ್ನು ಭಕ್ತರಿಗೆ ಬಿಡೋಣ. ಈ ಸೀಮೆಯ ಪೊದೆಗಳ ಮೇಲೆ ಎಲೆತುದಿಯ ಕುಡಿಗಳಿಂದ ಹಬ್ಬಿ, ಹಳದಿಯಿಂದ ಕೆಂಪಿಗೆ ತಿರುಗುವ ಜ್ವಾಲೆಯಂಥ ದಳಗಳನ್ನು ಮೇಲಕ್ಕೆತ್ತಿ ನಿಲ್ಲುವ ಅಗ್ನಿಶಿಖೆಯಲ್ಲಿ, ಗೌರಿಹೂವೆಂದು ಮಕ್ಕಳು ಕಿತ್ತು ತರುವ ಅದೇ ಬಳ್ಳಿಯಲ್ಲಿ, ಕಾಲ್ಚಿಸಿನ್ ಎಂಬ ಸಸ್ಯಕ್ಷಾರವಿದೆ. ಗೌಟಿನ ಅತ್ಯಂತ ಹಳೆಯ ಮದ್ದುಗಳಲ್ಲಿ ಒಂದಾದ ಅದನ್ನು ಪಶ್ಚಿಮದೇಶಗಳಲ್ಲಿ ಕಾಲ್ಚಿಕಮ್ ಎಂಬ ಗೆಡ್ಡೆಗಿಡದಿಂದ 1820ರಲ್ಲಿ ಪ್ರತ್ಯೇಕಿಸಿದರು. ನಮ್ಮ ನೆರೆಯ ತಮಿಳುನಾಡಿನಲ್ಲಿ ಬೀಜಕ್ಕಾಗಿ ಅಗ್ನಿಶಿಖೆಯನ್ನು ಬೇಸಾಯವನ್ನೇ ಮಾಡುತ್ತಾರೆ. ಇದನ್ನು ಓದಿ ಯಾರಾದರೂ ಗುದ್ದಲಿ ಹಿಡಿದು ಬೇಲಿಯ ಕಡೆಗೆ ಹೊರಟರೆ ಅವರನ್ನು ತಡೆಯುವ ಹೊಣೆ ನನ್ನದು: ಆ ಗೆಡ್ಡೆ ಘೋರವಾದ ವಿಷ. ಆಯುರ್ವೇದವೂ ಅದನ್ನು ಉಪವಿಷಗಳ ಸಾಲಿನಲ್ಲಿಯೇ ಎಣಿಸಿದೆ. ಸಿಹಿ ಗೆಣಸೆಂದು ಭ್ರಮಿಸಿ ತಿಂದವರು ವಾಂತಿಭೇದಿಯಾಗಿ, ಮೂತ್ರಪಿಂಡ ನಿಂತು, ರಕ್ತಕಣಗಳು ಬತ್ತಿ ಪ್ರಾಣಬಿಟ್ಟಿದ್ದಾರೆ. ಅರ್ಧ ಮಿಲಿಗ್ರಾಮಿನ ಗುಳಿಗೆಯಲ್ಲಿ ಅಳೆದು ಕೊಟ್ಟಾಗ ಮಾತ್ರ ಅದು ಔಷಧ. ಹಿಂದೆ ಭೇದಿ ಹಿಡಿಯುವ ತನಕ ಗಂಟೆಗಂಟೆಗೂ ನುಂಗಿಸುವ ಪದ್ಧತಿಯಿತ್ತು; ನೋವು ಕಾಣಿಸಿಕೊಂಡ ಮೊದಲ ಗಂಟೆಗಳಲ್ಲಿಯೇ ಕೊಟ್ಟರೆ ಅತ್ಯಲ್ಪ ಪ್ರಮಾಣವೂ ಅಷ್ಟೇ ಗುಣವನ್ನು ಕೊಡುತ್ತದೆಂದು ಈಗ ಸಿದ್ಧವಾಗಿದೆ. ಮೂತ್ರಪಿಂಡದ ದೌರ್ಬಲ್ಯವಿರುವವರಿಗೂ, ಕೆಲವು ಆಂಟಿಬಯಾಟಿಕ್‌ಗಳನ್ನು ತೆಗೆದುಕೊಳ್ಳುತ್ತಿರುವವರಿಗೂ ಅದು ಅಪಾಯಕಾರಿಯಾದ್ದರಿಂದ ವೈದ್ಯರ ಚೀಟಿಯಿಲ್ಲದೆ ಅದನ್ನು ಮುಟ್ಟತಕ್ಕದ್ದಲ್ಲ.

ಕಾಲ್ಚಿಸಿನ್ ಒಗ್ಗದವರಿಗೆ ನೋವುಶಮನದ ಮಾತ್ರೆಗಳೋ ಕೆಲವು ದಿನಗಳ ಸ್ಟೀರಾಯ್ಡೋ ಇದೆ. ಔಷಧದಂಗಡಿಯ ಹುಡುಗನ ಸಲಹೆಯ ಮೇಲೆ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಮತ್ತೆ ಕೆಲಸಕ್ಕೆ ಹೋಗುವ ಅಭ್ಯಾಸ ನಮ್ಮ ಪೇಟೆಗಳಲ್ಲಿ ಬೇರೂರಿದೆ. ಮೊದಲೇ ಸೋತಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಪೆಟ್ಟು. ಜಾತ್ರೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳು ಒಂದೇ ದಿನದಲ್ಲಿ ಪವಾಡ ಮಾಡಿದರೆ ಸಂಶಯಪಡಿರಿ. ಅಂಥವುಗಳಲ್ಲಿ ಸ್ಟೀರಾಯ್ಡು ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದದ್ದುಂಟು. ಎಣ್ಣೆ ಹಾಕಿ ತಿಕ್ಕುವುದು, ಬಿಸಿನೀರು ಹುಯ್ಯುವುದು ಈ ಸ್ಥಿತಿಯಲ್ಲಿ ಹಿತವಲ್ಲ. ಕಾಲನ್ನು ದಿಂಬಿನ ಮೇಲೆತ್ತಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಇಡುವುದರಿಂದ ಉಪಶಮನವಾಗುತ್ತದೆ. ತಂಪಿನಿಂದ ಹರಳು ಕಟ್ಟುತ್ತದೆಂದು ಮೇಲೆ ಹೇಳಿದವನೇ ಮಂಜುಗಡ್ಡೆ ಇಡಲು ಹೇಳುತ್ತಿದ್ದಾನೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ: ಹರಳು ಕಟ್ಟುವುದು ದೀರ್ಘಕಾಲದ ಕಾರ್ಯ, ಉರಿ ಆ ಹೊತ್ತಿನದು, ಆ ಹೊತ್ತಿಗೆ ಬೇಕಾದುದು ಉರಿಯ ಶಮನ. ಒಂದು ಎಚ್ಚರಿಕೆಯನ್ನಂತೂ ಸ್ಪಷ್ಟವಾಗಿ ಹೇಳಬೇಕು. ಕೆಂಪಗೆ ಬಾತ ಸಂಧಿಯ ಜತೆಗೆ ಚಳಿಜ್ವರವಿದ್ದರೆ, ರೋಗಿಗೆ ಸಕ್ಕರೆ ಕಾಯಿಲೆಯಿದ್ದರೆ, ಪಾದದಲ್ಲಿ ಗಾಯವಿದ್ದರೆ, ಅದು ಗೌಟಲ್ಲದೆ ಕೀವಿನ ಸೋಂಕಾಗಿರಬಹುದು. ಅಂಥವರು ಸುಣ್ಣ ಅರಿಸಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆ ಸೇರಬೇಕು. ಸಂದೇಹವಿದ್ದಲ್ಲಿ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ನೋಡುವುದೇ ನಿರ್ಣಾಯಕ, ಏಕೆಂದರೆ ನೋವು ಉಲ್ಬಣಿಸಿರುವ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ಎಷ್ಟೋ ವೇಳೆ ಸಹಜಮಟ್ಟದಲ್ಲಿಯೇ ತೋರಿ ಮೋಸಮಾಡುತ್ತದೆ. ನೋವು ಇಳಿದು ಎರಡು ವಾರಗಳಾದ ಮೇಲೆ ಮತ್ತೆ ನೋಡಿಸಿದ ಅಂಕವೇ ನಂಬತಕ್ಕದ್ದು.

ಹೆಚ್ಚೆಂದರೆ ಒಂದೆರಡು ವಾರಗಳಲ್ಲಿ ನೋವು ತಾನಾಗಿಯೇ ಹೋಗಿಬಿಡುತ್ತದೆ. ಇದೇ ಈ ರೋಗದ ಕುಟಿಲತೆ. ಹೋಯಿತೆಂದು ರೋಗಿ ಸಂತೋಷಪಡುತ್ತಾನೆ, ಲೇಪ ಹಚ್ಚಿದವರು ಕೀರ್ತಿ ಪಡೆಯುತ್ತಾರೆ, ಹರಳುಗಳು ಮಾತ್ರ ಇದ್ದಲ್ಲಿಯೇ ಇರುತ್ತವೆ. ಅವುಗಳನ್ನು ಕರಗಿಸುವ ಉಪಾಯ ಒಂದೇ: ರಕ್ತದ ಮಟ್ಟವನ್ನು 6 ಮಿಲಿಗ್ರಾಮಿಗಿಂತ ಕೆಳಕ್ಕೆ, ಗಂಟುಗಳಾಗಿರುವವರಲ್ಲಿ 5ಕ್ಕಿಂತ ಕೆಳಕ್ಕೆ ಇಳಿಸಿ, ವರ್ಷಾನುಗಟ್ಟಲೆ ಅಲ್ಲಿಯೇ ನಿಲ್ಲಿಸುವುದು. ಇದಕ್ಕಾಗಿ ಇರುವ ಪ್ರಧಾನ ಔಷಧ ಅಲೊಪ್ಯೂರಿನಾಲ್. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬವರ ಪ್ರಯೋಗಶಾಲೆಯಿಂದ ಬಂದ ಅದು 1966ರಿಂದ ಬಳಕೆಯಲ್ಲಿದೆ; ಅವರಿಬ್ಬರಿಗೂ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಯೂರಿಕ್ ಆಮ್ಲ ಹುಟ್ಟುವ ಕಡೆಯ ಹಂತವನ್ನೇ ಅದು ತಡೆಯುತ್ತದೆ. ದಿನಕ್ಕೆ 100 ಮಿಲಿಗ್ರಾಂ, ಮೂತ್ರಪಿಂಡ ದುರ್ಬಲವಾಗಿದ್ದರೆ ಅದಕ್ಕೂ ಕಡಮೆ, ಹೀಗೆ ಆರಂಭಿಸಿ ರಕ್ತಪರೀಕ್ಷೆ ಮಾಡಿಸುತ್ತ ಗುರಿ ಮುಟ್ಟುವ ತನಕ ಹಂತಹಂತವಾಗಿ ಏರಿಸಬೇಕು. ನಮ್ಮಲ್ಲಿ ಬಹುಮಂದಿ ವರ್ಷಗಟ್ಟಲೆ ಆ ಮೊದಲ 100ರಲ್ಲಿಯೇ ನಿಂತು, ಮಾತ್ರೆಯಿಂದ ಪ್ರಯೋಜನವಾಗಲಿಲ್ಲವೆಂದು ದೂರುತ್ತಾರೆ. ಇನ್ನೊಂದು ಸಂಕಟವೂ ಇದೆ. ಮದ್ದು ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಹಳೆಯ ಹರಳುಗಳು ಕರಗುತ್ತ ಸಡಿಲವಾಗುವುದರಿಂದ ನೋವು ಇನ್ನೊಮ್ಮೆ ಬರಬಹುದು. ಮದ್ದೇ ರೋಗವನ್ನು ಕೆರಳಿಸಿತೆಂದು ತಿಳಿದು ಅಲ್ಲಿಯೇ ಬಿಟ್ಟವರು ಅಸಂಖ್ಯಾತರು. ಅದು ಮದ್ದು ಕೆಲಸ ಮಾಡುತ್ತಿರುವುದರ ಗುರುತು. ಈ ಅವಧಿಯಲ್ಲಿ ಮೂರರಿಂದ ಆರು ತಿಂಗಳು ಕಾಲ್ಚಿಸಿನ್ನನ್ನು ಅಲ್ಪಪ್ರಮಾಣದಲ್ಲಿ ಜತೆಗೆ ಕೊಡುವ ಪದ್ಧತಿ ಇರುವುದು ಇದಕ್ಕಾಗಿಯೇ. ನೋವು ಬಂದರೂ ಅಲೊಪ್ಯೂರಿನಾಲನ್ನು ನಿಲ್ಲಿಸಬಾರದು. ನಿಲ್ಲಿಸಬೇಕಾದ ಸಂದರ್ಭ ಒಂದೇ: ಮೈಮೇಲೆ ದದ್ದು ಎದ್ದರೆ, ಬಾಯಿ ಹುಣ್ಣಾದರೆ ಆ ಕ್ಷಣವೇ ಬಿಟ್ಟು ವೈದ್ಯರನ್ನು ಕಾಣಬೇಕು, ಏಕೆಂದರೆ ಅಪರೂಪವಾಗಿ ಕೆಲವರಲ್ಲಿ ಅದು ಪ್ರಾಣಾಂತಿಕವಾದ ಪ್ರತಿಕ್ರಿಯೆಗೆ ತಿರುಗುವುದುಂಟು. ಅದು ಒಗ್ಗದವರಿಗೆ ಫೆಬುಕ್ಸೊಸ್ಟಾಟ್ ಮೊದಲಾದ ಬೇರೆ ಮದ್ದುಗಳಿವೆ.

ನೋವೇ ಇಲ್ಲದ ಕಾಲಕ್ಕೆ ನಿತ್ಯವೂ ಮಾತ್ರೆ ನುಂಗೆಂದರೆ ಮನುಷ್ಯಸ್ವಭಾವ ಒಪ್ಪದು. ಏಕೆ ನುಂಗಬೇಕೆಂಬುದನ್ನು ಯಾರಾದರೂ ಕುಳಿತು ಬಿಡಿಸಿ ಹೇಳಿದರೆ ಒಪ್ಪುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಡೆದ ಒಂದು ಪ್ರಯೋಗ ನಿದರ್ಶನವಾಗಿದೆ. 517 ಮಂದಿ ಗೌಟ್ ರೋಗಿಗಳಲ್ಲಿ ಒಂದು ಪಂಗಡವನ್ನು ಎಂದಿನಂತೆ ವೈದ್ಯರಿಗೇ ಬಿಟ್ಟು, ಇನ್ನೊಂದನ್ನು ತರಬೇತಿ ಪಡೆದ ದಾದಿಯರಿಗೆ ಒಪ್ಪಿಸಿದರು; ದಾದಿಯರು ರೋಗದ ಸ್ವರೂಪವನ್ನು ವಿವರಿಸಿ, ರೋಗಿಯ ಶಂಕೆಗಳನ್ನು ಕೇಳಿ, ಮದ್ದನ್ನು ಕ್ರಮವಾಗಿ ಏರಿಸಿದರು. ಎರಡು ವರ್ಷಗಳ ತರುವಾಯ ದಾದಿಯರ ಪಂಗಡದಲ್ಲಿ ನೂರಕ್ಕೆ 95 ಮಂದಿ 6ರ ಗುರಿಯ ಕೆಳಗಿದ್ದರು. ಇನ್ನೊಂದರಲ್ಲಿ ನೂರಕ್ಕೆ 30. 2018ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಹೊಸ ಔಷಧವೊಂದೂ ಇಲ್ಲವೆಂಬುದು ಗಮನಾರ್ಹ. ಹಳ್ಳಿಹಳ್ಳಿಯಲ್ಲಿಯೂ ಆಶಾ ಕಾರ್ಯಕರ್ತೆಯರೂ ಆರೋಗ್ಯ ಸಹಾಯಕಿಯರೂ ಇರುವ ನಮ್ಮ ಜಿಲ್ಲೆಯಲ್ಲಿ, ರಕ್ತದೊತ್ತಡ ಸಕ್ಕರೆ ಕಾಯಿಲೆಗಳ ಪುಸ್ತಕದಲ್ಲಿಯೇ ಗೌಟಿನ ಒಂದು ಅಂಕಣವನ್ನೂ ಗೀಚಿಕೊಳ್ಳುವುದು ಅಸಾಧ್ಯವೆಂದು ನನಗೆ ತೋರುವುದಿಲ್ಲ.

ಮಾತ್ರೆ ನುಂಗಲು ಒಪ್ಪದ ಸ್ವಭಾವಕ್ಕೆ ತದ್ವಿರುದ್ಧವಾದ ಭೀತಿಯೂ ಇದೆ. ಸಮಗ್ರ ತಪಾಸಣೆಯ ಹೆಸರಿನಲ್ಲಿ ರಕ್ತ ಕೊಟ್ಟು ಬಂದವರು, ಯಾವ ಸಂಧಿಯಲ್ಲಿಯೂ ಎಂದೂ ನೋವು ಕಾಣದವರು, ಚೀಟಿಯಲ್ಲಿ 7.4 ಎಂಬ ಅಂಕವನ್ನು ಕಂಡು ಅಂದಿನಿಂದಲೇ ಬೇಳೆ ಬಿಟ್ಟು ಮಾತ್ರೆ ಕೇಳುತ್ತಾರೆ. ಯೂರಿಕ್ ಆಮ್ಲ ಹೆಚ್ಚಾಗಿರುವವರಲ್ಲಿ ಬಹುಸಂಖ್ಯಾತರಿಗೆ ಜೀವಮಾನದಲ್ಲಿ ಗೌಟ್ ಬರುವುದೇ ಇಲ್ಲ. ಲಕ್ಷಣವಿಲ್ಲದವರಿಗೆ ಬರಿಯ ಅಂಕವನ್ನು ನೋಡಿ ಮದ್ದು ಕೊಡುವ ಪದ್ಧತಿಯಿಲ್ಲ. ಅವರು ತೂಕವನ್ನೂ ಪಾನವನ್ನೂ ಹದದಲ್ಲಿಟ್ಟುಕೊಂಡು ನಿಶ್ಚಿಂತೆಯಿಂದಿರಬಹುದು. ಮದ್ದಿನ ವಿಚಾರ ಏಳುವುದು ನೋವು ಮರುಕಳಿಸತೊಡಗಿದವರಿಗೆ, ಗಂಟು ಕಟ್ಟಿದವರಿಗೆ, ಗೌಟಿನ ಜತೆಗೆ ಮೂತ್ರಪಿಂಡದ ಕಲ್ಲೋ ದೌರ್ಬಲ್ಯವೋ ಇರುವವರಿಗೆ.

ಬೆಟ್ಟಕ್ಕೆ ಹೋಗಬಹುದೆ ಎಂದು ಕೇಳುವವರಿಗೆ ಧಾರಾಳವಾಗಿ ಹೋಗಿರೆಂದೇ ಹೇಳುತ್ತೇನೆ; ನಾನೂ ಹೋಗುತ್ತಿದ್ದೇನೆ. ಬುಡದಲ್ಲಿ ಬಸ್ಸು ಕಾಯುವಾಗ ನೀರು ಕುಡಿಯಿರಿ, ಬೆರಳನ್ನು ಬಿಗಿಯದ ಅಗಲವಾದ ಪಾದರಕ್ಷೆಯನ್ನು ದೇವಾಲಯದ ಬಾಗಿಲ ತನಕ ಮೆಟ್ಟಿರಿ, ಆ ದಿನದ ಮಾತ್ರೆಯನ್ನು ಉಪವಾಸದ ನೆಪದಲ್ಲಿ ತಪ್ಪಿಸಬೇಡಿರಿ. ಮುಂದಿನ ಬಾರಿ ರಕ್ತಪರೀಕ್ಷೆಗೆ ಹೋದಾಗ ಯೂರಿಕ್ ಆಮ್ಲ ಸರಿಯಿದೆಯೇ ಎಂದು ಕೇಳುವ ಬದಲು 6ಕ್ಕಿಂತ ಕೆಳಗಿದೆಯೇ ಎಂದು ಕೇಳಿರಿ; ಇಲ್ಲವೆಂದರೆ, ಮದ್ದಿನ ಪ್ರಮಾಣವನ್ನು ಏರಿಸಬೇಕೇ ಎಂದು ನಿಮ್ಮ ವೈದ್ಯರನ್ನು ಅಲ್ಲಿಯೇ ವಿಚಾರಿಸಿರಿ.